ಕತ್ತಲಾದೊಡನೆ ಕಣ್ಣು ಮುಚ್ಚುವ ಕ್ಯಾಮೆರಾ

2016ರ ಜೂನ್ 24ರ ಬೆಳಗ್ಗೆ ಚೆನ್ನೈನ ನುಂಗಂಬಾಕ್ಕಂ ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಯುವತಿಯೊಬ್ಬಳ ಕೊಲೆಯಾಯಿತು. ಅಷ್ಟು ಜನ ಓಡಾಡುವ ನಿಲ್ದಾಣದಲ್ಲಿ ಸಿಸಿಟಿವಿ ಕ್ಯಾಮೆರಾ ಇರಲಿಲ್ಲ. ಶಂಕಿತನ ಚಿತ್ರ ಪೊಲೀಸರ ಕೈಗೆ ಸಿಕ್ಕಿದ್ದು ಸುತ್ತಲಿನ ಬೀದಿಗಳಲ್ಲಿ ಖಾಸಗಿಯವರು ಹಾಕಿಸಿಕೊಂಡಿದ್ದ ಕ್ಯಾಮೆರಾಗಳಿಂದ. ತಮ್ಮ ಗೇಟಿನ ಕಾವಲಿಗೆಂದು ಯಾರೋ ಹಾಕಿಸಿದ ಒಂದು ಚಿಕ್ಕ ಯಂತ್ರ ಆ ದಿನ ಇಡೀ ಊರಿಗೆ ಬೇಕಾಯಿತು. ಆ ಹೊತ್ತಿಗೆ ಅದು ಆಫ್ ಆಗಿದ್ದಿದ್ದರೆ?

ನುಂಗಂಬಾಕ್ಕಂ ಬಿಟ್ಟರೆ ತಾಂಬರಂ ಕಡೆಗೆ ಮುಂದಿನ ಸ್ಟೇಷನ್ನೇ ಕೋಡಂಬಾಕ್ಕಂ. ಕನ್ನಡ ಸಿನಿಮಾಗಳು ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲದಿಂದ ಕನ್ನಡಿಗರಿಗೆ ಈ ಹೆಸರು ಪರಿಚಿತ. ಈಗ ಅಲ್ಲಿನ ಒಳಬೀದಿಗಳಲ್ಲಿ ಮೂರು-ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟುಗಳು ಒತ್ತಾಗಿ ನಿಂತಿವೆ. ಗೇಟಿನ ಮೇಲೆ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಕ್ಯಾಮೆರಾಗಳು ಕೂತಿವೆ. ಮಕ್ಕಳು ದೂರದೂರುಗಳಲ್ಲಿದ್ದು ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಮನೆಗಳಲ್ಲಿ ಆ ಕ್ಯಾಮೆರಾ ದೊಡ್ಡ ಧೈರ್ಯ. ಹಾಗಾಗಿ ಅದು ಪದೇಪದೇ ಆಫ್ ಆಗುತ್ತಿದೆ ಎಂಬ ದೂರನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ರಿಪೇರಿಗೆ ಬಂದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: “ಕ್ಯಾಮೆರಾ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ.” ಹೊಸದು ಬರುತ್ತದೆ, ಕೆಲವು ದಿನಗಳಲ್ಲಿ ಅದೂ ಹಾಗೇ ಆಫ್ ಆಗತೊಡಗುತ್ತದೆ. ಇಂಥ ಬಹಳಷ್ಟು ಪ್ರಕರಣಗಳಲ್ಲಿ ಕ್ಯಾಮೆರಾದ್ದೇನೂ ತಪ್ಪಿರುವುದಿಲ್ಲ. ಅದಕ್ಕೆ ವಿದ್ಯುತ್ ತಲುಪಿಸುವ ದಾರಿಯಲ್ಲಿ ದೋಷವಿರುತ್ತದೆ.

ದೋಷ ಎಲ್ಲಿದೆ ಎಂದು ಪತ್ತೆ ಹಚ್ಚಲು ಮೊದಲು ಗಮನಿಸಬೇಕಾದದ್ದು ಕ್ಯಾಮೆರಾ ಯಾವ ಹೊತ್ತಿಗೆ ಆರುತ್ತದೆ ಎಂಬುದನ್ನು. ಮಧ್ಯಾಹ್ನದ ಉರಿಬಿಸಿಲಿನಲ್ಲೋ, ಮಳೆ ಬಿದ್ದ ಮೇಲೋ, ಕರೆಂಟ್ ಹೋಗಿ ಬಂದಾಗಲೋ? ಇವೆಲ್ಲಕ್ಕಿಂತ ಸಾಮಾನ್ಯವಾದದ್ದು, ಹೆಚ್ಚು ಜನರನ್ನು ದಾರಿ ತಪ್ಪಿಸುವುದು, ಮುಸ್ಸಂಜೆಯ ಹೊತ್ತಿನದು. ಹಗಲೆಲ್ಲ ಚೆನ್ನಾಗಿ ನಡೆದು ಕತ್ತಲಾಗುತ್ತಿದ್ದಂತೆ ಚಿತ್ರ ಮಾಯವಾಗುತ್ತದೆ. ಒಂದು ನಿಮಿಷದಲ್ಲಿ ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಬೆಳಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತದೆ. ರಿಪೇರಿಯವರು ಬರುವುದು ಹಗಲಲ್ಲಿ. ಅವರ ಕಣ್ಣಿಗೆ ಯಾವ ದೋಷವೂ ಬೀಳುವುದಿಲ್ಲ.

ಸಂಜೆ ಆಗುವುದೇನು? ಕ್ಯಾಮೆರಾದ ಮುಖದ ಮೇಲೆ ಬೆಳಕನ್ನು ಅಳೆಯುವ ಒಂದು ಪುಟ್ಟ ಸಂವೇದಕವಿರುತ್ತದೆ. ಬೆಳಕು ಒಂದು ಮಟ್ಟಕ್ಕಿಂತ ಕಡಿಮೆಯಾದಾಗ, ಮಸೂರದ ಹಿಂದೆ ಹಗಲಲ್ಲಿ ಅವಕೆಂಪು ಕಿರಣಗಳನ್ನು ತಡೆಯುತ್ತಿದ್ದ ಗಾಜಿನ ತೆಳು ಬಿಲ್ಲೆ ‘ಟಕ್’ ಎಂದು ಪಕ್ಕಕ್ಕೆ ಸರಿಯುತ್ತದೆ. ಹತ್ತಿರ ನಿಂತರೆ ಆ ಸದ್ದು ಕೇಳುತ್ತದೆ. ಅದರ ಜೊತೆಗೇ ಮಸೂರದ ಸುತ್ತಲಿನ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಅವು ಸೂಸುವ ಬೆಳಕಿನ ತರಂಗಾಂತರ ಸಾಮಾನ್ಯವಾಗಿ 850 ನ್ಯಾನೊಮೀಟರ್. ಅದು ನಮ್ಮ ಕಣ್ಣಿಗೆ ಬಹುಮಟ್ಟಿಗೆ ಕಾಣದು. ಹತ್ತಿರದಿಂದ ನೋಡಿದರೆ ಎಲ್‌ಇಡಿಯ ತುದಿಯಲ್ಲಿ ಮಂಕು ಕೆಂಪು ಚುಕ್ಕೆಯಷ್ಟೇ ಕಂಡೀತು. ಕ್ಯಾಮೆರಾಕ್ಕೆ ಮಾತ್ರ ಅಂಗಳವೆಲ್ಲ ಬೆಳಗಿದಂತೆ ಕಾಣುತ್ತದೆ. ಈ ಬೆಳಕಿಗೆ ತೆರಬೇಕಾದ ಬೆಲೆ ವಿದ್ಯುತ್ತು. ಹಗಲಲ್ಲಿ ಎರಡೂವರೆ ವ್ಯಾಟ್ ಸಾಕಾಗುವ ಕ್ಯಾಮೆರಾ ರಾತ್ರಿ ಆರು ವ್ಯಾಟ್ ಕೇಳುವುದು ವಿಶೇಷವೇನಲ್ಲ.

ಇನ್ನು ಆ ವಿದ್ಯುತ್ ಬರುವ ದಾರಿ ನೋಡೋಣ. ಅಡಾಪ್ಟರ್ ಇರುವುದು ಮೀಟರ್ ಬೋರ್ಡಿನ ಪಕ್ಕದಲ್ಲೋ ಮೂರನೇ ಮಹಡಿಯಲ್ಲಿ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್ ಹತ್ತಿರವೋ. ಕ್ಯಾಮೆರಾ ಇರುವುದು ಗೇಟಿನ ಮೇಲೆ. ನಡುವೆ 40 ಮೀಟರ್ ವೈರ್ ಎನ್ನೋಣ. ಅದರೊಳಗಿನ ತಾಮ್ರದ ತಂತಿಯ ದಪ್ಪ ಅರ್ಧ ಮಿಲಿಮೀಟರ್. ಹೋಗಲೊಂದು, ಬರಲೊಂದು ತಂತಿ ಬೇಕಾದ್ದರಿಂದ ಒಟ್ಟು ಉದ್ದ 80 ಮೀಟರ್. ಇಷ್ಟು ತಂತಿಯ ರೋಧ ಸುಮಾರು 7 ಓಮ್. 1827ರಲ್ಲಿ ಜರ್ಮನಿಯ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮ ಇಲ್ಲಿ ಕೋಡಂಬಾಕ್ಕಂನ ಗೇಟಿನವರೆಗೂ ಬರುತ್ತದೆ: ತಂತಿಯಲ್ಲಿ ಹರಿಯುವ ಆಂಪಿಯರ್ ಹೆಚ್ಚಿದಷ್ಟೂ ದಾರಿಯಲ್ಲೇ ಸೋರಿಹೋಗುವ ವೋಲ್ಟೇಜ್ ಹೆಚ್ಚುತ್ತದೆ. ಉಳಿದ ಮನೆಗಳಲ್ಲೆಲ್ಲ ನಲ್ಲಿ ತಿರುಗಿಸಿದಾಗ ಪೈಪಿನ ತುದಿಯ ಮನೆಯಲ್ಲಿ ನೀರಿನ ರಭಸ ಕುಂದುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಲೆಕ್ಕ ಹಾಕಿ ನೋಡಿ. ಹಗಲಲ್ಲಿ ಎರಡೂವರೆ ವ್ಯಾಟಿಗೆ ಕಾಲು ಆಂಪಿಯರಿನಷ್ಟು ಹರಿಯುತ್ತದೆ. ಅಡಾಪ್ಟರ್ ಕೊಡುವ 12 ವೋಲ್ಟಿನಲ್ಲಿ 1.7 ವೋಲ್ಟ್ ತಂತಿಯಲ್ಲೇ ಕಳೆದು ಕ್ಯಾಮೆರಾಕ್ಕೆ 10.3 ತಲುಪುತ್ತದೆ. ಹೇಗೋ ನಡೆಯುತ್ತದೆ. ರಾತ್ರಿ ಆರು ವ್ಯಾಟ್ ಬೇಕೆಂದಾಗ ಕ್ಯಾಮೆರಾ ಹೆಚ್ಚು ಆಂಪಿಯರ್ ಎಳೆಯುತ್ತದೆ, ಅದರಿಂದ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಅದೇ ಆರು ವ್ಯಾಟ್ ಪಡೆಯಲು ಮತ್ತಷ್ಟು ಆಂಪಿಯರ್ ಎಳೆಯುತ್ತದೆ. ಇದಕ್ಕೊಂದು ಮಿತಿಯಿದೆ. 12 ವೋಲ್ಟಿನಲ್ಲಿ ಅರ್ಧ ತಂತಿಯಲ್ಲಿ ಕಳೆದು ಅರ್ಧ ಮಾತ್ರ ಕ್ಯಾಮೆರಾಕ್ಕೆ ಸಿಗುವ ಸ್ಥಿತಿಯಲ್ಲಿ ಆಚೆ ತುದಿಗೆ ಅತಿ ಹೆಚ್ಚು ಶಕ್ತಿ ತಲುಪುತ್ತದೆ; 7 ಓಮ್ ತಂತಿಯ ಮೂಲಕ ಅದು 5.1 ವ್ಯಾಟ್. ಅದಕ್ಕಿಂತ ಒಂದಿಷ್ಟೂ ಹೆಚ್ಚು ದಾಟದು. ಹೀಗಾಗಿ ಆರು ವ್ಯಾಟಿನ ಕ್ಯಾಮೆರಾ ಈ ತಂತಿಯ ತುದಿಯಲ್ಲಿ ರಾತ್ರಿ ನಡೆಯುವುದು ಸಾಧ್ಯವೇ ಇಲ್ಲ. ಒಂದು ಆಂಪಿಯರ್ ಅಡಾಪ್ಟರ್ ತೆಗೆದು ಐದು ಆಂಪಿಯರಿನದು ಹಾಕಿದರೂ ಅಷ್ಟೇ. ಅಂಗಡಿಯಲ್ಲಿ ಕೊಡುವ ಮೊದಲ ಸಲಹೆ ದೊಡ್ಡ ಅಡಾಪ್ಟರ್ ಹಾಕಿ ಎಂಬುದೇ ಆಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ವೋಲ್ಟೇಜ್ ಕುಸಿದು ಕ್ಯಾಮೆರಾ ಆರಿತು. ಆರಿದೊಡನೆ ಎಲ್‌ಇಡಿಗಳೂ ಆರುತ್ತವೆ, ತಂತಿಯಲ್ಲಿ ಹರಿವು ನಿಲ್ಲುತ್ತದೆ, ಹರಿವಿಲ್ಲದಿದ್ದರೆ ಸೋರಿಕೆಯೂ ಇಲ್ಲ. ತುದಿಯಲ್ಲಿ ಮತ್ತೆ ಪೂರ್ತಿ 12 ವೋಲ್ಟ್ ಕಾಣಿಸಿಕೊಳ್ಳುತ್ತದೆ. ಕ್ಯಾಮೆರಾ ಎದ್ದು, ಸುತ್ತ ಕತ್ತಲಿರುವುದನ್ನು ಕಂಡು, ಬಿಲ್ಲೆ ಸರಿಸಿ ಎಲ್‌ಇಡಿ ಹೊತ್ತಿಸುತ್ತದೆ. ಮತ್ತೆ ಕುಸಿತ. ಬೆಳಗಿನವರೆಗೂ ಇದೇ ಸುತ್ತು.

ಮಲ್ಟಿಮೀಟರ್ ಹಿಡಿದು ಬಂದವರೂ ಇಲ್ಲಿ ಎಡವುವುದುಂಟು. ಕ್ಯಾಮೆರಾದ ಪಿನ್ ಕಿತ್ತು, ಬಿಚ್ಚಿದ ತುದಿಗೆ ಮೀಟರ್ ಹಿಡಿದರೆ ಅದು 12 ವೋಲ್ಟ್ ಎಂದೇ ತೋರಿಸುತ್ತದೆ. ಏಕೆಂದರೆ ಆಗ ಹರಿವೇ ಇಲ್ಲ. “ಪವರ್ ಸರಿಯಿದೆ, ಕ್ಯಾಮೆರಾ ಹೋಗಿದೆ” ಎಂಬ ತೀರ್ಮಾನ ಹುಟ್ಟುವುದು ಹೀಗೆ. ಕ್ಯಾಮೆರಾ ಜೋಡಿಸಿದ್ದಾಗಲೇ, ಎಲ್‌ಇಡಿ ಉರಿಯುತ್ತಿರುವಾಗಲೇ, ಕ್ಯಾಮೆರಾದ ಬಳಿಯೇ ಅಳೆಯಬೇಕು. ಅದಕ್ಕಾಗಿ ರಾತ್ರಿಯವರೆಗೆ ಕಾಯಬೇಕಾಗಿಲ್ಲ. ಹಗಲಲ್ಲೇ ಕ್ಯಾಮೆರಾದ ಮುಖಕ್ಕೆ ದಪ್ಪ ಕಪ್ಪು ಬಟ್ಟೆ ಮುಚ್ಚಿದರೆ ಅದು ಕತ್ತಲಾಯಿತೆಂದು ತಿಳಿದು ರಾತ್ರಿಯ ಕೆಲಸ ಶುರು ಮಾಡುತ್ತದೆ. ‘ಟಕ್’ ಸದ್ದಿನ ಹಿಂದೆಯೇ ಮೀಟರಿನ ಅಂಕಿ ಜಾರುವುದನ್ನು ಕಣ್ಣಾರೆ ನೋಡಬಹುದು.

ತಂತಿಯ ಗುಣವನ್ನೂ ನೋಡಬೇಕು. ಅಗ್ಗದ ಕೇಬಲ್ಲುಗಳಲ್ಲಿ ಹಲವು ತಾಮ್ರದ ಲೇಪವಿರುವ ಅಲ್ಯೂಮಿನಿಯಂನವು. ಹೊರಗಿನಿಂದ ನೋಡಿದರೆ ಕೆಂಪಗೆ ತಾಮ್ರದಂತೆಯೇ ಇರುತ್ತವೆ. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅವುಗಳ ರೋಧ ಅಷ್ಟೇ ದಪ್ಪದ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಮೇಲಿನ ಲೆಕ್ಕದ 7 ಓಮ್ ಆಗ 11 ಆಗುತ್ತದೆ. ಕೋಡಂಬಾಕ್ಕಂ ಸ್ಟುಡಿಯೋಗಳ ಆರ್ಕ್ ದೀಪಗಳು ನೂರಾರು ಆಂಪಿಯರ್ ಎಳೆಯುತ್ತಿದ್ದ ದಿನಗಳಲ್ಲಿ ದಪ್ಪ ಕೇಬಲ್ಲುಗಳನ್ನು ಹೆಗಲ ಮೇಲೆ ಹೊತ್ತು ಎಳೆಯುತ್ತಿದ್ದ ಲೈಟ್‌ಬಾಯ್‌ಗಳಿಗೆ ಹೆಚ್ಚು ಆಂಪಿಯರಿಗೆ ದಪ್ಪ ತಂತಿಯೇ ಬೇಕೆಂಬ ಪಾಠವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಪರಿಹಾರ ಸುಲಭ. ಕ್ಯಾಮೆರಾದ ಹತ್ತಿರವೇ ಮಳೆ ತಾಗದ ಪೆಟ್ಟಿಗೆಯಲ್ಲಿ ಪ್ಲಗ್ ಪಾಯಿಂಟ್ ಕೊಡಿಸಿ ಅಡಾಪ್ಟರನ್ನು ಅಲ್ಲಿಗೇ ತರಬಹುದು. 230 ವೋಲ್ಟಿನ ಆ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಇಲ್ಲವೇ 0.75 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ವೈರ್ ಎಳೆಸಬಹುದು. ಅದೇ 40 ಮೀಟರ್ ದೂರದಲ್ಲಿ ಅದೇ ಆರು ವ್ಯಾಟಿನ ಕ್ಯಾಮೆರಾಕ್ಕೆ ಆಗ 11 ವೋಲ್ಟ್ ಸಿಗುತ್ತದೆ. ಹೊಸದಾಗಿ ಹಾಕಿಸುವವರು ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವ ಪಿಒಇ ಪದ್ಧತಿಯನ್ನು ಆರಿಸುವುದು ಒಳ್ಳೆಯದು. ಅದರಲ್ಲಿ 48 ವೋಲ್ಟಿನ ಆಸುಪಾಸು ಹರಿಯುವುದರಿಂದ ಆರು ವ್ಯಾಟಿಗೆ ಆಂಪಿಯರಿನ ಎಂಟನೇ ಒಂದು ಭಾಗ ಸಾಕು. 100 ಮೀಟರ್ ದೂರಕ್ಕೂ ಚಿಂತೆಯಿಲ್ಲ.

ಒಂದೇ ಕ್ಯಾಮೆರಾ ಆರಿದರೆ ಅದರ ವೈರನ್ನು ಶಂಕಿಸಬೇಕು. ಸಂಜೆಯಾದೊಡನೆ ಎಲ್ಲವೂ ಒಟ್ಟಿಗೆ ಆರಿದರೆ, ಎಲ್ಲಕ್ಕೂ ವಿದ್ಯುತ್ ಹಂಚುವ ಪವರ್ ಸಪ್ಲೈ ಪೆಟ್ಟಿಗೆ ಸೋತಿದೆ ಎಂದರ್ಥ. ಅದರೊಳಗೆ ಮೊದಲು ಸಾಯುವುದು ಕೆಪಾಸಿಟರ್. ಪುಟ್ಟ ಡಬ್ಬಿಯಂಥ ಈ ಭಾಗದಲ್ಲಿ ತೇವದ ರಾಸಾಯನಿಕವಿರುತ್ತದೆ, ಶಾಖಕ್ಕೆ ಅದು ನಿಧಾನವಾಗಿ ಒಣಗುತ್ತಾ ಹೋಗುತ್ತದೆ. ತಾಪ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸರಳ ಲೆಕ್ಕ. 105 ಡಿಗ್ರಿಗೆ 2000 ಗಂಟೆ ಎಂದು ಗುರುತಿಸಿದ ಕೆಪಾಸಿಟರ್ 65 ಡಿಗ್ರಿಯಲ್ಲಿ ಮೂರೂವರೆ ವರ್ಷ ದಾಟಿ ಬಾಳುತ್ತದೆ. 85 ಡಿಗ್ರಿಗೆ 2000 ಗಂಟೆಯದಾದರೆ ಅದೇ ಜಾಗದಲ್ಲಿ ಹನ್ನೊಂದು ತಿಂಗಳು. 2003ರ ಮೇ 31ರಂದು ಚೆನ್ನೈನಲ್ಲಿ ನೆರಳಿನ ತಾಪವೇ 45 ಡಿಗ್ರಿ ಮುಟ್ಟಿತ್ತು. ಅಂಥ ಊರಲ್ಲಿ ತಾರಸಿಯ ಬಿಸಿಲಿಗೆ ಒಡ್ಡಿದ, ಗಾಳಿಯಾಡದ ಪೆಟ್ಟಿಗೆಯೊಳಗೆ 65 ಡಿಗ್ರಿ ಅತಿಶಯೋಕ್ತಿಯಲ್ಲ. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಪವರ್ ಸಪ್ಲೈ ಬದಲಿಸಿ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತಿದ್ದರೆ ಅದಕ್ಕೂ ಎಷ್ಟೋ ಸಲ ಇದೇ ಕಾರಣ: ಆ ಅರೆಗಳಿಗೆಯ ವಿದ್ಯುತ್ತನ್ನು ಹಿಡಿದಿಡುವ ಶಕ್ತಿ ಕೆಪಾಸಿಟರಿನಲ್ಲಿ ಉಳಿದಿಲ್ಲ.

ಮಳೆಯ ಕಥೆ ಬೇರೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯದ ಹಿಂಗಾರು ಚೆನ್ನೈಯನ್ನು ತೋಯಿಸುವಾಗ ನೀರು ವೈರಿನ ಮೇಲೆ ಜಾರಿ, ಬರೀ ಟೇಪ್ ಸುತ್ತಿದ ಜಾಯಿಂಟಿನೊಳಗೆ ಇಳಿಯುತ್ತದೆ. ಸಮುದ್ರದ ಗಾಳಿಯ ಉಪ್ಪೂ ಅದರೊಂದಿಗೆ ಸೇರುತ್ತದೆ. ಒದ್ದೆ ಜಾಯಿಂಟಿನಲ್ಲಿ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ ಇದ್ದರೆ ಧನ ತುದಿಯ ಲೋಹ ಬೇಗ ಕರಗುತ್ತದೆ. ಪಿನ್ ಬಿಚ್ಚಿದರೆ ಹಸಿರು ಕಿಲುಬು ಕಾಣುತ್ತದೆ. ಜಾಯಿಂಟುಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಡಿಸಿ. ಪೆಟ್ಟಿಗೆಗೆ ಹೋಗುವ ಮುನ್ನ ವೈರ್ ಸ್ವಲ್ಪ ಕೆಳಗೆ ಜೋತು, ಆಮೇಲೆ ಮೇಲೇರುವಂತೆ ಬಿಡಿಸಿದರೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ವೈಫೈ ಕ್ಯಾಮೆರಾಗಳ ವಿಷಯದಲ್ಲಿ ಒಂದು ಎಚ್ಚರ ಬೇಕು: ಫೋನಿನಲ್ಲಿ ಆಫ್‌ಲೈನ್ ಎಂದು ಬಂದ ಮಾತ್ರಕ್ಕೆ ಕ್ಯಾಮೆರಾ ಆರಿದೆ ಎಂದಲ್ಲ. ಅದರ ದೀಪ ಉರಿಯುತ್ತಿದ್ದರೆ ತೊಂದರೆ ರೂಟರಿನದು ಅಥವಾ ನಡುವಿನ ಗೋಡೆಗಳದು. ದೀಪವೂ ಆರಿದ್ದರೆ ಮತ್ತೆ ವೈರಿನತ್ತ ನೋಡಿ. ಇವುಗಳಲ್ಲಿ ಹಲವು ನಡೆಯುವುದು ಬರೀ 5 ವೋಲ್ಟಿನಲ್ಲಿ. ಒಂದು ವೋಲ್ಟ್ ಕಳೆದರೂ ಐದರಲ್ಲಿ ಒಂದು ಪಾಲು ಹೋದಂತೆ. ಸಿಕ್ಕಿದ ತೆಳು ಯುಎಸ್‌ಬಿ ವೈರನ್ನು ಉದ್ದ ಮಾಡಿ ಬಾಲ್ಕನಿಯವರೆಗೆ ಎಳೆಯಬೇಡಿ.

ಮನೆಯಲ್ಲಿ ಹಿರಿಯರಿದ್ದು ನೀವು ದೂರದಲ್ಲಿದ್ದರೆ, ಇವತ್ತು ರಾತ್ರಿ ಎಂಟರಿಂದ ಒಂಬತ್ತರವರೆಗಿನ ರೆಕಾರ್ಡಿಂಗ್ ತೆರೆದು ನೋಡಿ. ನಡುವೆ ಖಾಲಿ ಜಾಗಗಳು ಕಂಡರೆ ಹೊಸ ಕ್ಯಾಮೆರಾ ಕೊಳ್ಳಲು ಹೋಗಬೇಡಿ. ಎಲ್‌ಇಡಿ ಉರಿಯುತ್ತಿರುವಾಗ ಕ್ಯಾಮೆರಾದ ತುದಿಯಲ್ಲಿ ವೋಲ್ಟೇಜ್ ಅಳೆಸಿ. 12 ವೋಲ್ಟಿನ ಕ್ಯಾಮೆರಾದಲ್ಲಿ ಅದು 11ಕ್ಕಿಂತ ಬಹಳ ಕೆಳಗಿದ್ದರೆ ಮೊದಲು ವೈರ್ ಬದಲಾಯಿಸಿ.