ಸರ್ವರ್ ಸ್ಥಳಾಂತರ: ಸದಸ್ಯರು ಅರಿತಿರಬೇಕಾದ ಅಂಶ

ಪಂಚತಂತ್ರ ತಂತ್ರಾಂಶದಲ್ಲಿ ನೀಡಿದ ತೆರಿಗೆ ರಸೀದಿಯ ವಿವರವು ಪಂಚಾಯತಿಯ ಗಣಕಯಂತ್ರದಲ್ಲಲ್ಲ, ದೂರದ ಸರ್ವರಿನಲ್ಲಿ ಉಳಿಯುತ್ತದೆ. ಕ್ಲೌಡ್ ವ್ಯವಸ್ಥೆಯಲ್ಲಿ ಒಂದೇ ಯಂತ್ರವನ್ನು ತಂತ್ರಾಂಶದ ಮೂಲಕ ಹಲವು ವರ್ಚುವಲ್ ಸರ್ವರ್‌ಗಳನ್ನಾಗಿ ವಿಭಾಗಿಸಲಾಗುತ್ತದೆ. ಪಂಚಾಯತಿಯ ವಾಣಿಜ್ಯ ಸಂಕೀರ್ಣದ ಮಳಿಗೆಗಳಂತೆ ಕಟ್ಟಡ ಒಂದೇ, ಬೀಗ ಬೇರೆ ಬೇರೆ.

ಇಂತಹ ಸರ್ವರನ್ನು ಬೇರೆಡೆಗೆ ಸ್ಥಳಾಂತರಿಸುವಾಗ ಮೊದಲು ಅದರ ಪ್ರತಿ ತೆಗೆಯಲಾಗುತ್ತದೆ. ತೊಡಕಿರುವುದು ಇಲ್ಲಿಯೇ. ಪ್ರತಿ ತೆಗೆದ ಬಳಿಕ ಹಳೆಯ ಸರ್ವರಿನಲ್ಲಿ ದಾಖಲಾದ ಪಾವತಿಯು, ಮತ್ತೊಮ್ಮೆ ನಕಲಿಸದ ಹೊರತು, ಹೊಸದರಲ್ಲಿ ಕಾಣುವುದಿಲ್ಲ. ತೆರಿಗೆ ಕಟ್ಟಿದವರೇ ಬಾಕಿದಾರರೆಂದು ತೋರುತ್ತಾರೆ. ಆದುದರಿಂದಲೇ ಇಂತಹ ಸಂದರ್ಭದಲ್ಲಿ ಸೇವೆಯನ್ನು ಕೆಲಕಾಲ ಸ್ಥಗಿತಗೊಳಿಸಲಾಗುತ್ತದೆ. ‘ಸರ್ವರ್ ಇಲ್ಲ’ ಎಂಬ ಮಾತನ್ನು ಪ್ರತಿ ಬಾರಿಯೂ ಸಿಬ್ಬಂದಿಯ ನೆಪವೆಂದು ಭಾವಿಸುವುದು ತರವಲ್ಲ.

ಸೇವೆ ಮರಳಿದ ನಂತರ, ಸ್ಥಗಿತದ ಹಿಂದಿನ ದಿನದ ಮುದ್ರಿತ ರಸೀದಿಗಳನ್ನು ತಂತ್ರಾಂಶದ ಬೇಡಿಕೆ-ವಸೂಲಿ-ಬಾಕಿ ವಿವರದೊಂದಿಗೆ ತಾಳೆ ನೋಡುವಂತೆ ಕರ ವಸೂಲಿಗಾರರಿಗೆ ಸೂಚಿಸುವುದು. ಹಳೆಯ ಸರ್ವರನ್ನು ಅಳಿಸಿದ ಮೇಲೆ ವ್ಯತ್ಯಾಸ ಪತ್ತೆಯಾದಲ್ಲಿ ಗ್ರಾಮಸ್ಥರ ಕೈಯಲ್ಲಿನ ರಸೀದಿಯೊಂದೇ ಆಧಾರವಾದೀತು.