ಇಂಜೆಕ್ಷನ್ ನೀವೇ ಚುಚ್ಚಿಕೊಳ್ಳುವಾಗ

ಮಹಾನಗರದಲ್ಲಿ ಒಂಟಿಯಾಗಿರುವ ಕೆಲವರು ಡಾಕ್ಟರು ಬರೆದುಕೊಟ್ಟ ಬಿ-12 ಇಂಜೆಕ್ಷನ್ ಅನ್ನು ತಾವೇ ಚುಚ್ಚಿಕೊಳ್ಳುತ್ತಾರೆ. ಇದನ್ನು ಮೊದಲು ಡಾಕ್ಟರ್ ಅಥವಾ ನರ್ಸ್ ಎದುರಿಗೇ ಕಲಿಯಿರಿ.

ಸ್ನಾಯು ಬಿಗಿಯಾಗಿದ್ದರೆ ನೋವು ಹೆಚ್ಚು. ಹಾಗಾಗಿ ಕುರ್ಚಿಯಲ್ಲಿ ಕೂತು ಕಾಲು ಸಡಿಲ ಬಿಡಿ. ಚುಚ್ಚುವ ಜಾಗ ತೊಡೆಯ ಹೊರಬದಿಯ ನಡುಭಾಗ. ಅಲ್ಲಿ ದೊಡ್ಡ ನರ, ರಕ್ತನಾಳಗಳ ಭಯ ಕಡಿಮೆ. ಕೈ ತೊಳೆದು, ಸ್ಪಿರಿಟ್ ಹಚ್ಚಿ, ಪೂರ್ತಿ ಆರಲು ಬಿಡಿ, ಹಸಿಯಿದ್ದರೆ ಉರಿಯುತ್ತದೆ. ಸೂಜಿಯನ್ನು ನೇರವಾಗಿ, 90 ಡಿಗ್ರಿಯಲ್ಲಿ, ಒಂದೇ ಸಲಕ್ಕೆ ಚುಚ್ಚಿ. ಔಷಧಿಯನ್ನು ಮಾತ್ರ ನಿಧಾನವಾಗಿ ಒತ್ತಿ.

ಪ್ರತಿ ಸಲವೂ ಹೊಸ ಸೂಜಿ ಬಳಸಿ, ಕಾಲು ಬದಲಿಸಿ. ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿಡಿ. ಕಸ ಎತ್ತುವವರ ಕೈಗೆ ಅದು ಚುಚ್ಚಬಾರದು. ಊತ, ಜ್ವರ ಕಾಣಿಸಿದರೆ ತಡಮಾಡದೆ ಡಾಕ್ಟರನ್ನು ಕಾಣಿರಿ.