ಕಾರಿನ ಬಾಗಿಲಿನ ಗಾಜು

ಮಳೆಯ ಅಬ್ಬರವಿಳಿದು ಆಶ್ವಯುಜದ ಬಿಸಿಲು ಕಾಣಿಸಿಕೊಂಡು, ಕುಮಟೆ, ಹೊನ್ನಾವರ, ಭಟ್ಕಳಗಳ ತೆಂಗು-ಅಡಕೆಯ ತೋಟಗಳಲ್ಲಿ ಸೊಂಟದೆತ್ತರಕ್ಕೆ ಬೆಳೆದ ಹುಲ್ಲನ್ನು ಸವರುವ ಯಂತ್ರಗಳ ಸದ್ದು ಬೆಳಗಿನಿಂದಲೇ ಕೇಳತೊಡಗಿತೆಂದರೆ, ಬೇಲಿಯ ಪಕ್ಕದಲ್ಲಿ ನಿಲ್ಲಿಸಿದ ಕಾರುಗಳ ಗಾಜಿಗೆ ಅಪಾಯದ ಕಾಲ ಬಂದಿತೆಂದೇ ತಿಳಿಯಬೇಕು. ಯಂತ್ರದ ತುದಿಯಲ್ಲಿ ತಿರುಗುವ ತಂತಿಯು ಜಂಬಿಟ್ಟಿಗೆಯ ಒಂದು ಹರಳನ್ನು ಎತ್ತಿ ಎಸೆಯುತ್ತದೆ. ಅದು ತಗುಲಿದ ಶಬ್ದ ಅಷ್ಟೇನೂ ದೊಡ್ಡದಲ್ಲ. ಆದರೆ ಮರುಕ್ಷಣವೇ ಬಾಗಿಲಿನ ಗಾಜು ಆದ್ಯಂತವಾಗಿ ಬೆಳ್ಳಗಾಗಿ, ಲೆಕ್ಕವಿಲ್ಲದ ತುಣುಕುಗಳಾಗಿ ಆಸನದ ಮೇಲೂ ನೆಲದ ಮೇಲೂ ಸುರಿದುಹೋಗುತ್ತದೆ. ಅದೇ ಕಲ್ಲು ಮುಂಗಾಜಿಗೆ ತಗುಲಿದ್ದರೆ ಬಹುಮಟ್ಟಿಗೆ ಒಂದು ಸೀಳು ಬಿದ್ದು ಅಲ್ಲಿಗೇ ನಿಲ್ಲುತ್ತಿತ್ತು. ಒಂದೇ ವಾಹನದ ಎರಡು ಗಾಜುಗಳು ಹೀಗೆ ಭಿನ್ನವಾಗಿ ವರ್ತಿಸುವುದೇಕೆ ಎಂಬುದನ್ನು ಅರಿತವನಿಗೆ, ಒಡೆದುದನ್ನು ತೆಗೆದು ಹೊಸತನ್ನು ಮನೆಯಲ್ಲಿಯೇ ಕೂರಿಸುವ ವಿದ್ಯೆಯೂ ಅರ್ಧ ಕೈಗೂಡಿದಂತೆಯೇ; ಉಳಿದರ್ಧವು ಗಾಜಿಗೆ ಸಂಬಂಧಿಸಿದ್ದಲ್ಲ, ಮಳೆನೀರಿಗೆ ಸಂಬಂಧಿಸಿದ್ದು.

ಮುಂಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ತೆಳುಪೊರೆಯನ್ನಿರಿಸಿ ಬೆಸೆದದ್ದು; ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ 1909ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಗಾಜು ಒಡೆದರೂ ಚೂರುಗಳು ಪೊರೆಗೆ ಅಂಟಿಕೊಂಡೇ ಇರುತ್ತವೆ. ಬಾಗಿಲಿನ ಗಾಜಿನ ಜಾತಿಯೇ ಬೇರೆ. ಅದು ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ದಪ್ಪದ ಒಂಟಿ ಹಾಳೆ. ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅಂಚು ಮಸೆದು, ರಂಧ್ರಗಳನ್ನು ಕೊರೆದು ಮುಗಿಸಿದ ಬಳಿಕ, ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸಿ, ಮೆತ್ತಗಾಗುವ ಹೊತ್ತಿಗೆ ಹೊರತೆಗೆದು, ಎರಡೂ ಮೈಗಳ ಮೇಲೆ ಸಾಲುಸಾಲಾದ ಕೊಳವೆಗಳಿಂದ ತಂಪುಗಾಳಿಯನ್ನು ರಭಸವಾಗಿ ಊದುತ್ತಾರೆ. ಹೊರಮೈ ತತ್ಕ್ಷಣ ಗಟ್ಟಿಯಾಗುತ್ತದೆ. ಒಳಗಿನ ಭಾಗ ಇನ್ನೂ ಬಿಸಿಯಾಗಿರುತ್ತದೆ. ಆಮೇಲೆ ಆ ಒಳಭಾಗ ತಣಿದು ಕುಗ್ಗಹೊರಟಾಗ, ಮೊದಲೇ ಬಿಗಿದುಕೊಂಡ ಹೊರಮೈ ಅದಕ್ಕೆ ಎಡೆಗೊಡುವುದಿಲ್ಲ. ಹೀಗಾಗಿ ಹೊರಪದರಗಳು ನಿರಂತರವಾಗಿ ಅದುಮಲ್ಪಟ್ಟ ಸ್ಥಿತಿಯಲ್ಲಿಯೂ ಒಳಪದರವು ಸೆಳೆಯಲ್ಪಟ್ಟ ಸ್ಥಿತಿಯಲ್ಲಿಯೂ ನಿಂತುಬಿಡುತ್ತವೆ. ಯಕ್ಷಗಾನದ ಮದ್ದಳೆಯಲ್ಲಿ ಬಾರುಗಳು ಬಿಗಿದೆಳೆದಷ್ಟೇ ಬಲದಿಂದ ಮರದ ಒಡಲು ಅದುಮಿಸಿಕೊಂಡಿರುತ್ತದಷ್ಟೆ. ಬಾರಿಸದೆ ಮೂಲೆಯಲ್ಲಿಟ್ಟ ಮದ್ದಳೆಯೊಳಗೂ ಆ ಎಳೆತವಿರುವಂತೆ, ನಿಶ್ಚಲವಾಗಿ ಕಾಣುವ ಈ ಗಾಜಿನೊಳಗೂ ಹಗಲಿರುಳು ಒಂದು ಸೆಣಸಾಟ ನಡೆದಿರುತ್ತದೆ.

ಗಾಜು ಒಡೆಯುವುದು ಸೆಳೆತದಿಂದಲೇ ಹೊರತು ಅದುಮುವಿಕೆಯಿಂದಲ್ಲ. ಮೇಲ್ಮೈಯಲ್ಲಿ ಮೊದಲೇ ಸುಮಾರು 70 ಮೆಗಾಪಾಸ್ಕಲ್ಲಿನಷ್ಟು, ಎಂದರೆ ವಾಯುಮಂಡಲದ ಒತ್ತಡದ ಏಳುನೂರು ಪಟ್ಟಿನಷ್ಟು, ಅಥವಾ ಅದಕ್ಕೂ ಮಿಗಿಲಾದ ಅದುಮುವಿಕೆ ಸೇರಿಕೊಂಡಿರುವುದರಿಂದ, ಬಾಗಿಸುವ ಬಲವು ಮೊದಲು ಆ ಅದುಮುವಿಕೆಯನ್ನು ಕಳೆದು ಆಮೇಲೆ ಸೆಳೆತವನ್ನುಂಟುಮಾಡಬೇಕು. ಈ ಕಾರಣದಿಂದಲೇ ಇದು ಸಾಧಾರಣ ಗಾಜಿಗಿಂತ ನಾಲ್ಕು ಪಟ್ಟಿನಷ್ಟು ಗಟ್ಟಿ. ಆದರೆ ಅದುಮಿದ ಪದರ ಇರುವುದು ಪ್ರತಿ ಮೈಯಿಂದ ಒಟ್ಟು ದಪ್ಪದ ಐದನೆಯ ಒಂದು ಪಾಲಿನಷ್ಟು ಆಳಕ್ಕೆ ಮಾತ್ರ. ಚೂಪಾದ ಹರಳು ಆ ಅತ್ಯಲ್ಪ ಗಡಿಯನ್ನು ದಾಟಿ ಒಂದು ಸೀಳನ್ನು ಒಳಗೆ ಕಳುಹಿಸಿದರೆ, ಅಲ್ಲಿ ಕಾದುಕುಳಿತ ಸೆಳೆತವೇ ಆ ಸೀಳನ್ನು ಕವಲೊಡೆಸುತ್ತ, ಕವಲಿಗೆ ಮರಿಗವಲು ಹುಟ್ಟಿಸುತ್ತ, ಕಣ್ಣೆವೆ ಇಕ್ಕುವುದರೊಳಗೆ ಗಾಜಿನ ಅಂಚಿನವರೆಗೆ ಅಟ್ಟಿಕೊಂಡು ಹೋಗುತ್ತದೆ. ಗಟ್ಟಿತನವನ್ನು ಕೊಟ್ಟ ಬಲವೂ ನುಚ್ಚುನೂರಾಗಿಸಿದ ಬಲವೂ ಒಂದೇ. ತುಣುಕುಗಳು ಮೊಂಡಾಗಿ, ಕೊರಳನ್ನೋ ಕಣ್ಣನ್ನೋ ಸೀಳುವ ಈಟಿಗಳಾಗದೆ ಬೀಳುವುದೇ ಇದರ ಉಪಕಾರ.

ಈ ಚಮತ್ಕಾರ ಹೊಸದಲ್ಲ. ಕರಗಿದ ಗಾಜನ್ನು ನೀರಿಗೆ ತೊಟ್ಟಿಕ್ಕಿಸಿದರೆ ದಪ್ಪ ತಲೆಯೂ ಎಳೆಯಂಥ ಬಾಲವೂ ಉಳ್ಳ ಹನಿಗಳುಂಟಾಗುತ್ತವೆ. ತಲೆ ಸುತ್ತಿಗೆಯ ಪೆಟ್ಟನ್ನು ತಾಳುತ್ತದೆ, ಬಾಲವನ್ನು ಚಿವುಟಿದರೆ ಇಡಿಯ ಹನಿ ಪುಡಿಯಾಗುತ್ತದೆ. ರಾಜಕುಮಾರ ರೂಪರ್ಟನ ಹೆಸರಿನಿಂದ ಪ್ರಸಿದ್ಧವಾದ ಈ ಹನಿಗಳನ್ನು 1661ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಪರೀಕ್ಷಿಸಿ ಬೆರಗಾದರು. ಸೀಳು ಎಷ್ಟು ವೇಗದಿಂದ ಓಡುತ್ತದೆಂಬುದನ್ನು ಕಾಣಲು ಮಾತ್ರ 1994ರವರೆಗೆ ಕಾಯಬೇಕಾಯಿತು: ಚೌಧರಿ ಮತ್ತು ಶ್ರೀನಿವಾಸನ್ ಚಂದ್ರಶೇಖರ್ ಎಂಬ ವಿಜ್ಞಾನಿಗಳು ಅತಿಶೀಘ್ರ ಛಾಯಾಗ್ರಹಣದಿಂದ ಅದನ್ನು ಸೆರೆಹಿಡಿದು, ವೇಗ ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರಿಗೆ ಕಡಿಮೆಯಿಲ್ಲವೆಂದು ತೋರಿಸಿದರು.

ಗಾಜಿನೊಳಗಿನ ಈ ಬಿಗುವನ್ನು ಕಣ್ಣಿನಿಂದ ಕಾಣುವುದಕ್ಕೂ ಉಪಾಯವುಂಟು. ಸೂರ್ಯ ಕಡಲಿಗಿಳಿಯುವ ಹೊತ್ತಿನಲ್ಲಿ ಕಾಸರಕೋಡಿನ ದಂಡೆಯ ಬಳಿ ನಿಂತ ಕಾರಿನ ಹಿಂಗಾಜನ್ನು, ಅದೂ ಇದೇ ಜಾತಿಯದಾದ್ದರಿಂದ, ಓರೆಯಾಗಿ ನೋಡುತ್ತ ತಲೆಯನ್ನು ತುಸು ಅತ್ತಿತ್ತ ಹೊರಳಿಸಿದರೆ, ಕೆಲವು ಕೋನಗಳಲ್ಲಿ ಮಸುಕಾದ ಚುಕ್ಕೆಗಳ ಸಾಲುಗಳು ಮೂಡಿ ಬರುತ್ತವೆ. ಪೋಲರೈಸ್ಡ್ ಕನ್ನಡಕವಿದ್ದರೆ ಇನ್ನೂ ಸ್ಪಷ್ಟ. ಅದು ಕೊಳೆಯಲ್ಲ, ದೋಷವೂ ಅಲ್ಲ. ಎಂದೋ ಕಾರ್ಖಾನೆಯಲ್ಲಿ ತಂಪುಗಾಳಿಯ ಕೊಳವೆಗಳು ಊದಿದ ಜಾಗಗಳ ಗುರುತು ಅದು. ಆಕಾಶದ ಧ್ರುವೀಕೃತ ಬೆಳಕು ಅದನ್ನು ಬಯಲು ಮಾಡುತ್ತದೆ. ಇಂಥ ಸೌಂದರ್ಯ ನಮ್ಮ ಅಂಗಳದಲ್ಲಿಯೇ ನಿಂತಿರುವಾಗ ಅದನ್ನು ಒಮ್ಮೆಯಾದರೂ ಮಕ್ಕಳಿಗೆ ತೋರಿಸದಿರುವುದು ನಷ್ಟವೆಂದು ನಾನು ಭಾವಿಸುತ್ತೇನೆ.

ಇನ್ನು ಹೊಸ ಗಾಜನ್ನು ತರುವ ವಿಷಯ. ಹೀಗೆ ಕಾಯಿಸಿ ತಣಿಸಿ ಹದಗೊಳಿಸಿದ ಗಾಜನ್ನು ಆಮೇಲೆ ಕತ್ತರಿಸಲು ಬಾರದಾದ್ದರಿಂದ, ಆಯಾ ಕಾರಿನ ಆಯಾ ಬಾಗಿಲಿಗೆಂದೇ ಮಾಡಿದ್ದನ್ನು ತರಿಸಬೇಕು. ಮೂಲೆಯಲ್ಲಿ ಅಚ್ಚಾದ ಐಎಸ್‌ಐ ಗುರುತನ್ನೂ ಗಾಜಿನ ಜಾತಿಯನ್ನೂ ನೋಡಿಕೊಳ್ಳತಕ್ಕದ್ದು. ಏಕೆಂದರೆ ಕೆಲವು ಹೊಸ ಕಾರುಗಳ ಬಾಗಿಲಿಗೂ ಪೊರೆಯುಳ್ಳ ಗಾಜು ಬರುತ್ತಿದ್ದು, ನೆರೆಯಲ್ಲಿ ಸಿಲುಕಿದಾಗ ಅದನ್ನು ಚೂಪುಸುತ್ತಿಗೆಯಿಂದ ಒಡೆದು ಹೊರಬರುವುದು ಸಾಧ್ಯವಾಗದು. ಕಪ್ಪು ಫಿಲ್ಮ್ ಅಂಟಿಸುವುದನ್ನು ಸರ್ವೋಚ್ಚ ನ್ಯಾಯಾಲಯ 2012ರ ಏಪ್ರಿಲ್ 27ರಂದು ನಿಷೇಧಿಸಿತು; ಪಕ್ಕದ ಗಾಜು ಕಾರ್ಖಾನೆಯಿಂದ ಬರುವಾಗಲೇ ಕನಿಷ್ಠ ಶೇ 50ರಷ್ಟು ಬೆಳಕನ್ನು ಬಿಡುವಂತಿರಬೇಕು.

ಕೆಲಸಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ಋಣತಂತಿಯನ್ನು ಕಳಚಿ ಕೆಲವು ನಿಮಿಷ ಬಿಡುವುದು ಕ್ಷೇಮ. ಕೈಗವಸು, ಕನ್ನಡಕಗಳು ಅವಶ್ಯ. ಗ್ಯಾರೇಜಿನವರು ಡೋರ್ ಪ್ಯಾಡ್ ಎನ್ನುವ ಒಳಫಲಕವು ಹಿಡಿಕೆಯ ಗುಳಿಯಲ್ಲಿ ಅಡಗಿದ ಸ್ಕ್ರೂಗಳಿಂದಲೂ ಸುತ್ತಲಿನ ಕ್ಲಿಪ್ಪುಗಳಿಂದಲೂ ನಿಂತಿರುತ್ತದೆ. ಅದು ಬಿಟ್ಟ ಮೇಲೆ ಅಂಟಿನಿಂದ ಬಾಗಿಲಿಗೆ ಹತ್ತಿಸಿದ ಒಂದು ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ಇದನ್ನು ಕಸವೆಂದು ಹರಿದೆಸೆಯುವವರು ಅನೇಕರು. ನಮ್ಮ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ಅವಿವೇಕವಿಲ್ಲ.

ಕಾರಣವನ್ನು ವಿವರಿಸಬೇಕು. ಬಾಗಿಲು ನೀರನ್ನು ಹೊರಗೇ ತಡೆಯುವ ಗೋಡೆಯಲ್ಲ. ಗಾಜು ಏರಿಳಿಯುವ ಸಂದಿನ ರಬ್ಬರ್ ಬೀಡಿಂಗು ಬಹುಪಾಲು ನೀರನ್ನು ಒರೆಸಿ ಕಳುಹಿಸಿದರೂ ಉಳಿದದ್ದು ಗಾಜಿನ ಮೈಗುಂಟ ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿಯುತ್ತದೆ, ಇಳಿಯಲೆಂದೇ ಬಾಗಿಲನ್ನು ರಚಿಸಲಾಗಿದೆ. ತಳದಂಚಿನ ಸಣ್ಣ ರಂಧ್ರಗಳಿಂದ ಅದು ಹೊರಹೋಗಬೇಕು. ಪ್ಲಾಸ್ಟಿಕ್ ಹಾಳೆ ಅದನ್ನು ಜನ ಕೂರುವ ಕಡೆಗೆ ಬಾರದಂತೆ ತಡೆಯಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ, 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳ ಕಂಡಂತೆ ಒಂದೇ ದಿನದಲ್ಲಿ 500 ಮಿಲಿಮೀಟರ್ ದಾಟುವಲ್ಲಿ, ಒಡೆದ ಗಾಜಿನ ಹರಳುಗಳು ಈ ರಂಧ್ರಗಳನ್ನು ಮುಚ್ಚಿದರೆ ಬಾಗಿಲೇ ತೊಟ್ಟಿಯಾಗುತ್ತದೆ. ಕಡಲಗಾಳಿಯ ಉಪ್ಪು ಆ ನೀರಿಗೆ ಸೇರಿದ ಮೇಲೆ ತಗಡು ತುಕ್ಕು ಹಿಡಿಯಲು ಹೆಚ್ಚು ಮಳೆಗಾಲಗಳು ಬೇಕಾಗುವುದಿಲ್ಲ. ಆದುದರಿಂದ ತಳದಲ್ಲಿ ಬಿದ್ದ ಚೂರುಗಳನ್ನು ವ್ಯಾಕ್ಯೂಮ್ ಯಂತ್ರದಿಂದಲೋ ಒದ್ದೆ ಬಟ್ಟೆಯಿಂದಲೋ ಪೂರ್ತಿಯಾಗಿ ತೆಗೆದು, ರಂಧ್ರಗಳಲ್ಲಿ ಕಡ್ಡಿಯಾಡಿಸಿ, ಗಾಜು ಜಾರುವ ತೋಡಾದ ರಬ್ಬರಿನ ಗಾಡಿಯಲ್ಲಿ ಸಿಕ್ಕಿಕೊಂಡ ಹರಳನ್ನೂ ಬಿಡದೆ ಹೆಕ್ಕಬೇಕು. ಅಲ್ಲಿ ಉಳಿದ ಒಂದೇ ಹರಳು ಹೊಸ ಗಾಜಿನ ಮೈಮೇಲೆ ಗೀರೆಳೆಯುತ್ತದೆ.

ಮುಂದಿನದು ಕೈಚಳಕದ ವಿಷಯ. ಮೇಲಿನ ಬೀಡಿಂಗು ಬಿಡಿಸಿ, ಗಾಜಿನ ಮುಂತುದಿಯನ್ನು ತಗ್ಗಿಸಿ ಸಂದಿನಲ್ಲಿಳಿಸಿ, ಗಾಡಿಯಲ್ಲಿ ಕೂರಿಸಿ, ಗಾಜನ್ನು ಏರಿಳಿಸುವ ವಿಂಡೋ ಮಷೀನಿನ ಹಿಡಿಕೆಗಳಿಗೆ ಬೋಲ್ಟು ಹಾಕಬೇಕು. ಗಾಜಿಗೂ ಲೋಹಕ್ಕೂ ನಡುವಿನ ಪ್ಲಾಸ್ಟಿಕ್ ಬುಷ್ ತಪ್ಪಿದರೆ, ಅಥವಾ ಬೋಲ್ಟನ್ನು ಅತಿಯಾಗಿ ಬಿಗಿದರೆ, ರಂಧ್ರದ ಅಂಚಿನಿಂದಲೇ ಹೊಸ ಗಾಜೂ ಪುಡಿಯಾದೀತು. ರಬ್ಬರಿಗೆ ಎಂಜಿನ್ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಹಚ್ಚಬಾರದು, ಅದು ಉಬ್ಬಿ ಕೆಡುತ್ತದೆ. ಸಿಲಿಕೋನ್ ಸ್ಪ್ರೇ ಸಾಕು.

ಪ್ಲಾಸ್ಟಿಕ್ ಹಾಳೆಯನ್ನು ಮರಳಿ ಅಂಟಿಸುವಾಗ ಅದರ ಕೆಳಸೆರಗು ಬಾಗಿಲಿನ ತಗಡಿನ ಒಳಬದಿಗೆ ಹೋಗಿರಬೇಕು. ಹೊರಗುಳಿದರೆ ಹನಿಯೆಲ್ಲ ನೆಲಹಾಸಿಗೆ. ಡೋರ್ ಪ್ಯಾಡನ್ನು ಮುಚ್ಚುವ ಮೊದಲು ಗಾಜನ್ನು ಏರಿಸಿ, ಹೊರಗಿನಿಂದ ಒಂದು ಕೊಡಪಾನ ನೀರನ್ನು ಅದರ ಮೇಲೆ ಸಾವಕಾಶವಾಗಿ ಸುರಿಯಬೇಕು. ತಳದ ಪ್ರತಿಯೊಂದು ರಂಧ್ರದಿಂದಲೂ ನೀರು ಇಳಿದು, ಹಾಳೆಯ ಈಚೆಗೆ ತೇವ ಕಾಣದಿದ್ದರೆ, ಕ್ಲಿಪ್ಪುಗಳನ್ನು ಒತ್ತಿ ಕೂರಿಸಿ ಕೆಲಸ ಮುಗಿಸಬಹುದು.